ಮಕ್ಕಳು ನೆಂಟರಾಗುವುದು ಯಾವಾಗ?

2023ರ ಭೂಮಿ ಹುಣ್ಣಿಮೆ ಶನಿವಾರ ಬಂದಿತ್ತು. ನಮ್ಮಂಥ ಹೊರನಾಡಿಗರಿಗೆ ಹಬ್ಬ ವಾರಾಂತ್ಯಕ್ಕೆ ಬಂದರೆ ಅದೇ ದೊಡ್ಡ ಭಾಗ್ಯ. ಪುಣೆಯಿಂದ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಹೈದರಾಬಾದಿನಿಂದ ಅಣ್ಣನ ಸಂಸಾರ, ಬೆಂಗಳೂರಿನಿಂದ ತಂಗಿಯದು. ಒಟ್ಟು ಹನ್ನೊಂದು ಜನ ಸಾಗರದ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಶುಕ್ರವಾರ ರಾತ್ರಿ ಹೋಗಿ ಇಳಿದೆವು. ಶನಿವಾರ ಬೆಳಗಿನ ಜಾವ ಗದ್ದೆಗೆ ಹೋದೆವು, ಉಂಡೆವು, ಮಲಗಿದೆವು, ಮತ್ತೆ ಉಂಡೆವು. ಭಾನುವಾರ ಬೆಳಿಗ್ಗೆ ಡಿಕ್ಕಿಯ ತುಂಬ ಉಪ್ಪಿನಕಾಯಿ, ಹಪ್ಪಳ, ಅಪ್ಪೆಮಿಡಿ, ತೆಂಗಿನಕಾಯಿ ತುಂಬಿಕೊಂಡು ಹೊರಟೆವು. ಫ್ಯಾಮಿಲಿ ಗ್ರೂಪಿನಲ್ಲಿ ನೂರಾ ನಲವತ್ತು ಫೋಟೋ ಬಿದ್ದವು.

ಬುಧವಾರ ಸಂಜೆ ಪಕ್ಕದ ಮನೆಯ ಚಿಕ್ಕಮ್ಮ ಫೋನ್ ಮಾಡಿದರು. “ನಿಮ್ಮಮ್ಮ ನೀವು ಹೋದ ಮೇಲೆ ಸರಿಯಾಗಿ ಎದ್ದೇ ಇಲ್ಲ. ಜ್ವರ ಅಲ್ಲ, ಮತ್ತೇನೂ ಅಲ್ಲ. ದಣಿವು ಅಷ್ಟೆ. ನಾನು ಹೇಳ್ದೆ ಅಂತ ಹೇಳ್ಬೇಡ ಮತ್ತೆ.”

ಅಮ್ಮನಿಗೆ ಆಗ ಎಪ್ಪತ್ತೊಂದು. ಫೋನ್ ಮಾಡಿದರೆ “ನಂಗೆಂತ ಆಗಿದೆ, ಚೆನ್ನಾಗೇ ಇದ್ದೀನಿ, ಮಕ್ಕಳ ಹೊಟ್ಟೆ ಸರಿ ಇದ್ಯಾ?” ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಖುಷಿ ಕೊಡಲೆಂದು ನಾವು ಹೋಗಿದ್ದೆವು. ಅವಳಿಗೆ ಖುಷಿಯಾಗಿದ್ದೂ ನಿಜ. ಆದರೆ ಆ ಖುಷಿಯ ಬೆಲೆಯನ್ನು ಪೂರ್ತಿ ಅವಳೊಬ್ಬಳೇ ಕಟ್ಟಿದ್ದಳು, ಬಿಲ್ಲು ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಹಾಗಾದರೆ ಹೋಗುವುದು ಸರಿಯೋ, ಹೋಗದಿರುವುದು ಸರಿಯೋ? ಕೊಡುವವರಿಗೆ ಕೊಡುವುದೇ ಸುಖವಾಗಿರುವಾಗ, ತೆಗೆದುಕೊಳ್ಳುವವರಿಗೆ ಏನಾದರೂ ಕರ್ತವ್ಯವಿದೆಯೇ?

ಆಗ ನೆನಪಾದದ್ದು ಒಂಬತ್ತು ವರ್ಷ ಹಿಂದೆ, ಬೇರೆ ದೇಶದ ಒಂದು ಹಳ್ಳಿಮನೆಯಲ್ಲಿ ಕಂಡ ಒಂದು ಕಾಗದದ ಹಾಳೆ.

*

2014ರಲ್ಲಿ ನಾನು ಆನ್‌ಸೈಟ್ ಕೆಲಸದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿದ್ದೆ. ನವೆಂಬರಿನ ನಾಲ್ಕನೆಯ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್. ಊರಿಗೆ ಊರೇ ಖಾಲಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಮ್ಯಾಗಿ ಮಾಡಿಕೊಂಡು ಕೂರುತ್ತೇನೆಂದು ತಿಳಿದು, ಕ್ಲಯಂಟ್ ಕಡೆಯ ಸಹೋದ್ಯೋಗಿಯೊಬ್ಬ ತನ್ನ ಅಪ್ಪ ಅಮ್ಮನ ಮನೆಗೆ ಕರೆದ. ಪಶ್ಚಿಮಕ್ಕೆ ಎರಡು ತಾಸಿನ ದಾರಿ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿಗಳು ತೀಡಿ ಸಪಾಟು ಮಾಡಿದರೂ ಆ ಭಾಗವನ್ನು ಮುಟ್ಟದೆ ಬಿಟ್ಟವಂತೆ. ಹಾಗಾಗಿ ಅಲ್ಲಿ ಗುಡ್ಡ, ಕಣಿವೆ, ತಿರುವಿನ ರಸ್ತೆ. ಎಲೆ ಉದುರಿದ ಮರ, ತೆಳುವಾಗಿ ಬಿದ್ದ ಹಿಮ ಬಿಟ್ಟರೆ ನನಗೆ ನಮ್ಮ ಮಲೆನಾಡೇ ನೆನಪಾಯಿತು.

ಅದು ಹೈನುಗಾರಿಕೆಯ ಮನೆ. ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ನಾಲ್ಕು ಮಕ್ಕಳೂ ಬೇರೆ ಬೇರೆ ಊರುಗಳಲ್ಲಿ. ಒಬ್ಬರಿಗೂ ಕೊಟ್ಟಿಗೆ ಬೇಡ. ನಮ್ಮ ಅಡಿಕೆ ತೋಟದ ಮನೆಗಳ ಕಥೆಯೇ. ಆ ಬುಧವಾರ ಸಂಜೆಯ ಹೊತ್ತಿಗೆ ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳು ಸೇರಿ ಹದಿನಾರು ಜನ. ನಾನು ಹದಿನೇಳನೆಯವನು. ಮೊಮ್ಮಕ್ಕಳಿಗೆ ನೆಲಮಾಳಿಗೆಯಲ್ಲಿ ಸಾಲಾಗಿ ಸ್ಲೀಪಿಂಗ್ ಬ್ಯಾಗ್. ನನಗೆ ಹೊಲಿಗೆ ಮೆಷಿನ್ನಿನ ಕೋಣೆಯಲ್ಲಿ ಮಡಿಸುವ ಮಂಚ.

ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಆ ಹಾಳೆ ಅಂಟಿತ್ತು. ಪೆನ್ಸಿಲ್ಲಿನಲ್ಲಿ ಬರೆದ ಪಟ್ಟಿ. ಭಾನುವಾರದಿಂದಲೇ ಶುರು: ಫ್ರೀಜರಿನಿಂದ ಟರ್ಕಿ ಕೋಳಿಯನ್ನು ತೆಗೆದು ಫ್ರಿಜ್ಜಿಗೆ ಇಡುವುದು. ಇಪ್ಪತ್ತು ಪೌಂಡಿನ, ಅಂದರೆ ಒಂಬತ್ತು ಕಿಲೋ ತೂಗುವ ಕೋಳಿಯ ಮಂಜು ಕರಗಲು ನಾಲ್ಕೈದು ದಿನ ಬೇಕು. ಬುಧವಾರ ಕುಂಬಳದ ಪೈ, ಸೇಬಿನ ಪೈ, ಕ್ರ್ಯಾನ್‌ಬೆರಿ ಗೊಜ್ಜು. ಆ ಹುಳಿ ಹಣ್ಣಿನಲ್ಲಿ ಅಮೆರಿಕದ ಬೆಳೆಯ ಅರ್ಧಕ್ಕೂ ಹೆಚ್ಚು ಆ ಒಂದೇ ರಾಜ್ಯದ್ದು. ಗುರುವಾರ ಬೆಳಿಗ್ಗೆ ಏಳಕ್ಕೆ ಟರ್ಕಿ ಓವನ್ನಿಗೆ. ಅದು ಬೇಯಲು ನಾಲ್ಕೂವರೆ ತಾಸು. ಹೊರಗೆ ತೆಗೆದ ಮೇಲೆ ಕೊಯ್ಯುವ ಮೊದಲು ಅರ್ಧ ತಾಸು ಸುಮ್ಮನೆ ಬಿಡಬೇಕು. ಆ ಅರ್ಧ ತಾಸಿನಲ್ಲಿ ಅದೇ ಓವನ್ನಿನಲ್ಲಿ ಬನ್ನು ಬೇಯಬೇಕು. ಊಟ ಮಧ್ಯಾಹ್ನ ಒಂದಕ್ಕೆ, ಒಂದು ನಿಮಿಷ ತಡವಾಗಕೂಡದು. ಯಾಕೆಂದರೆ ನಾಲ್ಕೂವರೆಗೆ ಹಸುಗಳು ಕಾಯುತ್ತಿರುತ್ತವೆ, ಅವುಗಳಿಗೆ ಹಬ್ಬವಿಲ್ಲ.

ವೃತ್ತಿಯಿಂದ ನಾನು ಪ್ರಾಜೆಕ್ಟ್ ಮ್ಯಾನೇಜರ್. ಒಂದೇ ಓವನ್, ಒಂದರ ಮೇಲೊಂದು ನಿಂತ ಕೆಲಸಗಳು, ಸರಿಸಲಾಗದ ಗಡುವು! ಅಷ್ಟು ಅಚ್ಚುಕಟ್ಟಾದ ಪ್ಲ್ಯಾನನ್ನು ನಮ್ಮ ಕಂಪನಿಗಳಲ್ಲೂ ಕಂಡಿರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಪ್ರತಿ ಕೆಲಸದ ಎದುರಿಗೂ ಒಂದೊಂದು ಹೆಸರಿತ್ತು. ಬೆಳಗಿನ ಹಾಲು ಕರೆಯಲು ದೊಡ್ಡ ಮಗ. ಪಾತ್ರೆಗೆ ಅಳಿಯ. ಮೇಜು ಹಾಕಲು ಏಳು ವರ್ಷದ ಮೊಮ್ಮಗಳು. ಸೌದೆಗೆ ಇಬ್ಬರು ಹುಡುಗರು. ‘ಆಲೂಗಡ್ಡೆ, ಹದಿನೈದು ಪೌಂಡು’ ಎಂಬುದರ ಎದುರು ನನ್ನ ಹೆಸರು, ಕಾಗುಣಿತ ತಪ್ಪಾಗಿ.

ನನಗೆ ಮೊದಲು ಸ್ವಲ್ಪ ಚುಚ್ಚಿತು ಎಂದು ಒಪ್ಪಿಕೊಳ್ಳಬೇಕು. ನಮ್ಮ ಕಡೆ ಮನೆಗೆ ಬಂದವರ ಕೈಗೆ ಆಲೂಗಡ್ಡೆ ಕೊಟ್ಟು ಸಿಪ್ಪೆ ಸುಲಿ ಎನ್ನುವುದುಂಟೇ? ನೀರು ಬೆಲ್ಲ ಕೊಟ್ಟು ಕೂರಿಸುವ ನಾಡಿನವನು ನಾನು. ಆದರೆ ಸುಲಿಯಲು ಕುಳಿತ ಅರ್ಧ ಗಂಟೆಯಲ್ಲಿ ಏನೋ ಬದಲಾಯಿತು. ಪಕ್ಕದಲ್ಲಿ ಕೂತು ಕ್ಯಾರೆಟ್ ಹೆಚ್ಚುತ್ತಿದ್ದ ಸೊಸೆ ತನ್ನ ತಾಯಿಯ ಕಾಯಿಲೆಯ ಬಗ್ಗೆ ಹೇಳಿದಳು. ಒಬ್ಬ ಹುಡುಗ ಬಂದು, ನಿಮ್ಮೂರಲ್ಲಿ ಹುಲಿ ಇದೆಯಾ ಎಂದು ಕೇಳಿದ. ಹದಿನೈದು ಪೌಂಡು ಮುಗಿಯುವಷ್ಟರಲ್ಲಿ ಅದು ನನಗೆ ಪರಿಚಯದ ಮನೆಯಾಗಿತ್ತು. ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟಿದ್ದರೆ ಆಗುತ್ತಿರಲಿಲ್ಲ.

ಯಜಮಾನಿಯನ್ನು ನಾನು ಮನಸ್ಸಿನಲ್ಲೇ ಅಜ್ಜಿ ಎಂದು ಕರೆಯತೊಡಗಿದ್ದೆ. ಪಟ್ಟಿಯ ಬಗ್ಗೆ ಕೇಳಿದೆ. ಅವರು ಹೇಳಿದ್ದರ ಸಾರ ಇಷ್ಟು: ಮೊದಲ ಕೆಲವು ವರ್ಷ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಮಕ್ಕಳು ಹೊರಟು ಹೋಗುವಾಗ ಥ್ಯಾಂಕ್ಸ್ ಹೇಳುತ್ತಿದ್ದರು, ಹೋಟೆಲಿನವರಿಗೆ ಹೇಳುವ ಹಾಗೆ. ಕೆಲಸ ಕೊಡದಿದ್ದರೆ ಅವರು ನೆಂಟರಾಗಿ ಬಂದು ನೆಂಟರಾಗಿಯೇ ಹೋಗುತ್ತಾರೆ ಎಂದು ಆಗ ಗೊತ್ತಾಯಿತು.

*

ಗುರುವಾರ ಬೆಳಿಗ್ಗೆ ಇಬ್ಬರು ಗಂಡುಮಕ್ಕಳು ಕತ್ತಲಲ್ಲೇ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಜಿಂಕೆ ಬೇಟೆಗೆ ಹೋದರು. ಆ ರಾಜ್ಯದಲ್ಲಿ ಬಂದೂಕಿನ ಬೇಟೆಯ ಒಂಬತ್ತು ದಿನಗಳು ಈ ಹಬ್ಬವನ್ನು ಒಳಗಿಟ್ಟುಕೊಂಡೇ ಬರುತ್ತವೆ. ಹನ್ನೊಂದಕ್ಕೆ ಬರಿಗೈಲಿ ವಾಪಸಾದರು. ಒಂದಕ್ಕೆ ಸರಿಯಾಗಿ ಊಟ. ಮಕ್ಕಳದೇ ಬೇರೆ ಮೇಜು. ತಿನ್ನುವ ಮೊದಲು ಒಬ್ಬೊಬ್ಬರೂ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು. ಯಜಮಾನರು, ಈ ವರ್ಷ ಹಾಲಿಗೆ ಒಳ್ಳೆಯ ಬೆಲೆ ಬಂತು, ಅದಕ್ಕೆ ಎಂದರು. ಹದಿಮೂರರ ಹುಡುಗ, ಅಜ್ಜನ ಮನೆಯಲ್ಲಿ ಒಂದು ಕಿಟಕಿಯ ಹತ್ತಿರವಾದರೂ ಸಿಗ್ನಲ್ ಸಿಗುವುದಕ್ಕೆ ಎಂದ. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ಆಲೂಗಡ್ಡೆಗೆ ಎಂದೆ. ಟರ್ಕಿ, ನಮ್ಮ ನಾಟಿ ಕೋಳಿಯ ಮುಂದೆ ಸಪ್ಪೆ. ಅದನ್ನು ಮಾತ್ರ ಹೇಳಲಿಲ್ಲ.

ಈ ಹಬ್ಬದ ಹಿಂದಿನ ಕಥೆ ಅಷ್ಟು ಸರಳವಲ್ಲ ಎಂಬುದನ್ನೂ ಮರೆಯಬಾರದು. 1621ರಲ್ಲಿ ಪ್ಲಿಮತ್‌ನಲ್ಲಿ, ಮೊದಲ ಚಳಿಗಾಲದ ಸಾವು ನೋವಿನಿಂದ ಉಳಿದುಕೊಂಡ ಐವತ್ತರಷ್ಟು ಇಂಗ್ಲಿಷ್ ವಲಸಿಗರು ಮೊದಲ ಸುಗ್ಗಿ ಮಾಡಿದರು. ಆ ನೆಲದವರಾದ ವಾಂಪನೋಗ್ ಜನ ತೊಂಬತ್ತರಷ್ಟು ಮಂದಿ ಬಂದು ಮೂರು ದಿನ ಜೊತೆಗೆ ಉಂಡರು. ಬರಿಗೈಯಲ್ಲಿ ಉಳಿಯದೆ ಐದು ಜಿಂಕೆ ಬೇಟೆಯಾಡಿ ತಂದು ಕೊಟ್ಟರು. ಆ ಊಟದಲ್ಲಿ ಆತಿಥೇಯ ಯಾರು, ಅತಿಥಿ ಯಾರು? ನೆಲ ಯಾರದ್ದೋ ಅವರೇ ಅತಿಥಿಗಳಂತೆ ಬಂದರು. ಮುಂದೆ ಏನಾಯಿತೆಂದು ಎಲ್ಲರಿಗೂ ಗೊತ್ತು. ನೆಂಟನಾಗಿ ಬಂದವನು ಮನೆಯನ್ನೇ ತೆಗೆದುಕೊಂಡ. ಅಂತರ್ಯುದ್ಧದ ನಡುವೆ 1863ರಲ್ಲಿ ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಘೋಷಿಸಿದರು, 1941ರ ಕಾನೂನು ನಾಲ್ಕನೆಯ ಗುರುವಾರವನ್ನು ಗಟ್ಟಿ ಮಾಡಿತು. 1970ರಿಂದ ಅಲ್ಲಿನ ಮೂಲನಿವಾಸಿಗಳು ಅದೇ ದಿನ ಪ್ಲಿಮತ್‌ನಲ್ಲಿ ಶೋಕದಿನ ಆಚರಿಸುತ್ತಾರೆ. ನಾನು ಉಂಡ ಮನೆಯ ಗುಡ್ಡಗಳೂ ಒಂದು ಕಾಲಕ್ಕೆ ಹೋ-ಚಂಕ್ ಜನರದ್ದಾಗಿದ್ದವು. ಬಾಯಲ್ಲಿ ಹೇಳುವ ಥ್ಯಾಂಕ್ಸ್ ಎಷ್ಟು ಹಗುರವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಯಾರಿಂದ ಪಡೆದೆವು, ಅವರಿಗೆ ಅದರ ಬೆಲೆ ಎಷ್ಟಾಯಿತು ಎಂದು ನೋಡದ ಕೃತಜ್ಞತೆ ಒಂದು ಸುಖದ ನಿಟ್ಟುಸಿರು, ಅಷ್ಟೆ.

ಶನಿವಾರ ಎಲ್ಲರೂ ಹೊರಟರು. ನಮ್ಮ ಕಾರು ಹೊರಟು ಹತ್ತು ನಿಮಿಷಕ್ಕೆ ನನ್ನ ಚಾರ್ಜರ್ ಅಲ್ಲೇ ಉಳಿದದ್ದು ನೆನಪಾಗಿ ತಿರುಗಿ ಹೋದೆವು. ಅಜ್ಜಿ ಅಡುಗೆಮನೆಯಲ್ಲಿ ಒಬ್ಬರೇ, ಒಂದು ಕುರ್ಚಿಯಲ್ಲಿ ಕೂತು ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿದ್ದರು. ಮಗನನ್ನು ನೋಡಿ ನಕ್ಕು, ನೀವು ಬಂದರೂ ಖುಷಿ, ಹೋದರೂ ಖುಷಿ ಎಂದರು. ಅವನೂ ನಕ್ಕ. ಯಾರಿಗೂ ಬೇಸರವಾಗಲಿಲ್ಲ. ಕಾರಿನಲ್ಲಿ ಕೂತು ನಾನು ಯೋಚಿಸಿದೆ: ಈ ಮಾತನ್ನು ನನ್ನಮ್ಮ ಹೇಳಲು ಸಾಧ್ಯವೇ? ಹೇಳಿದರೆ ನಾವು ಎಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದೆವು?

*

ಈಗ ನಮ್ಮ ಮನೆಗೆ ಬರುತ್ತೇನೆ.

ಭೂಮಿ ಹುಣ್ಣಿಮೆಯನ್ನು ಕಾಣದವರಿಗೆ ಎರಡು ಮಾತು. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ಕಟ್ಟಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಹಾಕಬೇಕು ಎಂಬುದು ಮಲೆನಾಡಿನ ಭಾವನೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಪಾಯಸ, ಬಗೆಬಗೆಯ ಸೊಪ್ಪು ಬೆರೆಸಿದ ಚರಗವನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಒಯ್ದು ಬೀರುತ್ತೇವೆ. ನಮ್ಮಲ್ಲಿ ಅಮ್ಮನ ಸರವನ್ನು ಭತ್ತದ ಸಸಿಗೆ ತೊಡಿಸಿ ಪೂಜೆ. ವರ್ಷವಿಡೀ ಉಣಿಸಿದವಳಿಗೆ ಒಂದು ದಿನ ನಾವು ಉಣಿಸುವುದು. ಕೃತಜ್ಞತೆಗೆ ಇದಕ್ಕಿಂತ ಒಳ್ಳೆಯ ರೂಪ ನನಗೆ ಗೊತ್ತಿಲ್ಲ. ಇಲ್ಲಿ ಥ್ಯಾಂಕ್ಸ್ ಎಂಬ ಮಾತೇ ಇಲ್ಲ, ಕೈ ನೀಡಿ ಬಡಿಸುವುದಷ್ಟೇ ಇದೆ.

ಆದರೆ ಆ ಊಟ ಬೇಯಿಸಲು ಹೆಂಗಸರು ರಾತ್ರಿಯಿಡೀ ಎಚ್ಚರವಿರುತ್ತಾರೆ. 2023ರ ಆ ರಾತ್ರಿ ನಾವೆಲ್ಲ ಪ್ರಯಾಣದ ಆಯಾಸದಿಂದ ಮಲಗಿದ್ದಾಗ ಅಮ್ಮ, ನನ್ನ ಹೆಂಡತಿ, ಅತ್ತಿಗೆ ಒಲೆಯ ಮುಂದಿದ್ದರು. ಉಣಿಸುವವಳಿಗೆ ಉಣಿಸುವ ಹಬ್ಬದಲ್ಲಿ, ಮನೆಯೊಳಗೆ ಉಣಿಸುವವಳು ಹಸಿದಿದ್ದಳು. ಇದು ನಲವತ್ತು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಾಯಿಯ ಋಣ ತೀರಿಸಲಾಗದು ಎನ್ನುತ್ತೇವೆ. ನನಗೀಗ ಈ ಮಾತಿನ ಮೇಲೆ ಅನುಮಾನ. ತೀರಿಸಲಾಗದ ಸಾಲವನ್ನು ಬ್ಯಾಂಕುಗಳು ಏನು ಮಾಡುತ್ತವೆ? ರೈಟ್ ಆಫ್. ಸಾಲ ಎಷ್ಟು ದೊಡ್ಡದು ಎಂದು ಹೊಗಳಿ ಹೊಗಳಿ, ಈ ತಿಂಗಳ ಕಂತನ್ನೂ ಕಟ್ಟದೆ ಇರುವ ಜಾಣತನ ಅದರಲ್ಲಿದೆ. ತೀರಿಸಲಾಗುವುದಿಲ್ಲ ನಿಜ. ಆದರೆ ಒಂದು ರಾತ್ರಿ ಕಾಯಿ ತುರಿಯಬಹುದಿತ್ತಲ್ಲ?

ಚಿಕ್ಕಮ್ಮನ ಫೋನಿನ ನಂತರ ನಾನು ಮೊದಲು ಮಾಡಿದ್ದು ಮ್ಯಾನೇಜರ್ ಮಾಡುವ ಕೆಲಸವನ್ನೇ: ಹೊರಗುತ್ತಿಗೆ. ಮುಂದಿನ ಸಲ ನಾವು ಬರುವಾಗ ಅಡುಗೆಯವರನ್ನು ಗೊತ್ತು ಮಾಡುತ್ತೇನೆ, ದುಡ್ಡು ನಾನು ಕೊಡುತ್ತೇನೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. “ಆಯ್ತು ಬಿಡು. ಹಂಗಾದ್ರೆ ನಿಮಗೆ ನಾ ಯಾಕೆ ಬೇಕು, ಛತ್ರಕ್ಕೇ ಹೋಗ್ಬಹುದಲ್ಲ” ಎಂದಳು. ಅವಳು ಸಿಟ್ಟಿಗೆ ಹೇಳಿದ್ದಲ್ಲ, ನೊಂದು ಹೇಳಿದ್ದು. ಮಾಡಿ ಬಡಿಸುವುದು ಅವಳಿಗೆ ಬರೀ ಹೊರೆಯಲ್ಲ, ಆ ಮನೆಯ ಮೇಲಿನ ಅಧಿಕಾರ. ದಣಿವನ್ನು ತೆಗೆಯಲು ಹೋಗಿ ನಾನು ಅಧಿಕಾರವನ್ನೇ ತೆಗೆಯಹೊರಟಿದ್ದೆ.

ಆಗಲೇ ಆ ಪಟ್ಟಿ ನೆನಪಾದದ್ದು. ವಿಸ್ಕಾನ್ಸಿನ್ನಿನ ಅಜ್ಜಿ ಅಡುಗೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಪೆನ್ಸಿಲ್ ಅವರ ಕೈಯಲ್ಲೇ ಇತ್ತು. ಹಂಚಿದ್ದು ಕೆಲಸವನ್ನು, ಯಜಮಾನಿಕೆಯನ್ನಲ್ಲ. ನಮ್ಮಮ್ಮ ನಮಗೆ ಕೆಲಸ ಹೇಳುವುದನ್ನು ಯಾವಾಗ ನಿಲ್ಲಿಸಿದಳು? ಯೋಚಿಸಿದೆ. ಬಿ.ಇ. ಮುಗಿಯುವವರೆಗೂ ರಜೆಗೆ ಹೋದರೆ ದನಕ್ಕೆ ಹುಲ್ಲು ಹಾಕು, ಹಂಡೆಗೆ ನೀರು ತುಂಬು ಎನ್ನುತ್ತಿದ್ದಳು. ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ “ಎರಡು ದಿನಕ್ಕೆ ಬಂದೋನು, ಕೂತ್ಕೊ” ಶುರುವಾಯಿತು. ಉಂಡ ತಟ್ಟೆ ಎತ್ತಲು ಹೋದರೆ ಕಿತ್ತುಕೊಳ್ಳುತ್ತಾಳೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ. ಆದರೆ ಅದು ನೆಂಟನಿಗೆ ಕೊಡುವ ಮರ್ಯಾದೆಯೂ ಹೌದು. ಮಕ್ಕಳು ನೆಂಟರಾಗುವುದು ಊರು ಬಿಟ್ಟ ದಿನವಲ್ಲ; ಅಮ್ಮ ಅವರಿಗೆ ಕೆಲಸ ಹೇಳುವುದನ್ನು ಬಿಟ್ಟ ದಿನ. ಆ ದಿನವನ್ನು ನಾವೂ ಸಂತೋಷದಿಂದಲೇ ಒಪ್ಪಿಕೊಂಡೆವು.

ಇದನ್ನೆಲ್ಲ ದೊಡ್ಡ ಸಾಕ್ಷಾತ್ಕಾರವೆಂಬಂತೆ ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನಿಮಗೆ ಪಟ್ಟಿಯಲ್ಲಿ ಹೆಸರು ಬರೋದು ಹೊಸ ವಿಚಾರ. ನನ್ನ ಹೆಸರು ಮದುವೆಯಾದ ಮರುದಿನವೇ ಬಂದಿತ್ತು. ಯಾರೂ ಕೇಳಲಿಲ್ಲ” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಗ ನೆಂಟನಾದ, ಮಗಳು ತವರಿಗೆ ಬಂದ ನೆಂಟಳಾದಳು, ಸೊಸೆ ಮಾತ್ರ ಆಳಾದಳು. ಕೆಲಸ ಮಾಡಿದವರೆಲ್ಲ ಮನೆಯವರಾಗುತ್ತಾರೆ ಎಂಬ ನನ್ನ ಸಿದ್ಧಾಂತ ಅವಳ ಮುಂದೆ ಅರ್ಧ ಕುಸಿಯಿತು. ತಿದ್ದಿ ಹೀಗೆ ಹೇಳಬಹುದೇನೋ: ಎಲ್ಲರ ಹೆಸರೂ ಇರುವ ಪಟ್ಟಿ ಮನೆಯನ್ನು ಕಟ್ಟುತ್ತದೆ; ಕೆಲವರ ಹೆಸರು ಮಾತ್ರ ಇದ್ದರೆ ಅದು ಜೀತದ ಪಟ್ಟಿ.

*

2024ರಲ್ಲಿ ಹುಣ್ಣಿಮೆ ವಾರದ ನಡುವೆ ಬಂತು. ರಜೆ ಹಾಕಿ, ಮಕ್ಕಳ ಶಾಲೆಗೂ ಚೀಟಿ ಕೊಟ್ಟು, ಮೂರು ದಿನ ಮೊದಲೇ ಹೋದೆ. ಹಬ್ಬದ ಕೆಲಸ ಇರುವುದು ಹಬ್ಬದ ದಿನವಲ್ಲ, ಅದರ ಹಿಂದೆ ಮತ್ತು ಮುಂದೆ; ನಾವು ಯಾವಾಗಲೂ ನಡುವಿನ ದಿನಕ್ಕೆ ಬಂದು ಹೋಗುವವರು. ಹೆಂಡತಿಗೆ ಹೇಳಿದ್ದೆ: ಈ ಸಲ ರಾತ್ರಿ ಒಲೆಯ ಮುಂದೆ ನಾನಿರುತ್ತೇನೆ, ನೀನು ಮಲಗು. ಅಣ್ಣನಿಗೂ ಹೇಳಿದ್ದೆ. ಅವನು ಗೊಣಗುತ್ತಲೇ ಬಂದ.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ಮೊದಲ ದಿನ “ಕೂತ್ಕೊ” ಎಂದೇ ಹೇಳುತ್ತಿದ್ದಳು. ಎರಡನೆಯ ದಿನ ಹಲಸಿನೆಲೆಯ ಕೊಟ್ಟೆ ಕಟ್ಟಲು ಕುಳಿತಾಗ ನಾನೂ ಎದುರು ಕುಳಿತೆ. ನಾನು ಕಟ್ಟಿದ ಹತ್ತರಲ್ಲಿ ಏಳನ್ನು ಬಿಚ್ಚಿ ನನ್ನ ಮುಂದೆ ಹಾಕಿದಳು. “ಹಿಟ್ಟು ಹೊಯ್ದ್ರೆ ಸೋರ್ತದೆ. ಮತ್ತೆ ಕಟ್ಟು” ಎಂದಳು. ಇಪ್ಪತ್ತು ವರ್ಷಗಳ ನಂತರ ಅಮ್ಮ ನನ್ನನ್ನು ಬೈದಿದ್ದಳು. ಮಗಳು ಬುಟ್ಟಿಗೆ ಚಿತ್ತಾರ ಬರೆದಳು, ಸೊಟ್ಟಗೆ. ಮಗ ಕಾಯಿ ತುರಿಯುತ್ತ ಬೆರಳು ಕೆತ್ತಿಕೊಂಡ. ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಮ್ಮ ಒಲೆಯ ಪಕ್ಕದ ಮಣೆಯ ಮೇಲೆ ಗೋಡೆಗೊರಗಿ, ಹಬೆ ಬಂದ ಮೇಲೆ ಎಬ್ಬಿಸು ಎಂದು ಕಣ್ಣು ಮುಚ್ಚಿದಳು. ಅವಳು ಆ ರಾತ್ರಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಅವಳಿಗೆ ವಯಸ್ಸಾಗುತ್ತಿದೆ, ನಾವು ದೂರದಲ್ಲೇ ಇದ್ದೇವೆ, ವರ್ಷಕ್ಕೆ ಐದು ದಿನದ ಕೆಲಸದಿಂದ ಮುನ್ನೂರ ಅರವತ್ತು ದಿನದ ಲೆಕ್ಕ ತುಂಬುವುದಿಲ್ಲ. ಆದರೆ ಕಳೆದ ವರ್ಷ ದಸರೆಗೆ ಮೊದಲು ಒಂದು ಫೋನ್ ಬಂತು. ಯಾವಾಗಲೂ “ಬರ್ತೀರಾ?” ಎಂದು ಕೇಳುತ್ತಿದ್ದವಳು ಈ ಸಲ ಅದನ್ನು ಕೇಳಲೇ ಇಲ್ಲ.

“ಈ ಸಲನೂ ಮೂರು ದಿನ ಮೊದ್ಲೇ ಬಾ. ಅಟ್ಟದಿಂದ ಬುಟ್ಟಿ ಇಳಿಸ್ಬೇಕು, ಹಂಡೆ ತಿಕ್ಬೇಕು. ನಿಮ್ಮಣ್ಣಂಗೂ ಹೇಳು” ಎಂದಳು.